ವೇಗದ ಕಾರು, ನಿತ್ಯದ ದಾರಿ

ಪುಣೆಯ ಕೊಥರೂಡಿನಲ್ಲಿರುವ ನಮ್ಮ ಮನೆಗೂ ಖಡಕಿಯ ಕಡೆಗಿರುವ ನಮ್ಮ ಕಚೇರಿಗಳಿಗೂ ನಡುವೆ ಸುಮಾರು 12 ಕಿಲೋಮೀಟರ್ ದಾರಿ. ಬೆಳಗಿನ ಒಂಬತ್ತರ ಹೊತ್ತಿಗೆ ಹೊರಟರೆ, ವಿಶ್ವವಿದ್ಯಾಲಯದ ವೃತ್ತ ಕೃಪೆ ತೋರಿದ ದಿನ, 50 ನಿಮಿಷ ಹಿಡಿಯುತ್ತದೆ. 2024ರ ಫೆಬ್ರವರಿಯಿಂದ ಹನ್ನೊಂದು ತಿಂಗಳ ಕಾಲ ಈ ದಾರಿಯನ್ನು ನಾವು ಗಂಟೆಗೆ 275 ಕಿಲೋಮೀಟರ್ ಓಡಬಲ್ಲ ಕಾರಿನಲ್ಲಿ ಕ್ರಮಿಸಿದೆವು. ಲೆಕ್ಕ ಹಾಕಿದರೆ ನಮ್ಮ ಸರಾಸರಿ ವೇಗ 15ನ್ನು ಮುಟ್ಟಿದ ದಿನಗಳೇ ಅಪರೂಪ. ಅದೇ ಕಡೆಯಿಂದ ಸೈಕಲ್ಲಿನಲ್ಲಿ ಬರುವ ಹಿರಿಯ ಗುಮಾಸ್ತರೊಬ್ಬರು ಎಷ್ಟೋ ಬಾರಿ ನಮಗಿಂತ ಮೊದಲೇ ಹಾಜರಿ ಹಾಕಿ, ಚಹಾ ಮುಗಿಸಿ, ಕಿಟಕಿಯ ಬಳಿ ನಿಂತು ನಮ್ಮ ಆಗಮನವನ್ನು ನೋಡುತ್ತಿದ್ದರು.

ಕಾರು ನಮ್ಮದಲ್ಲ. ವಾಹನ ತಯಾರಿಕೆಯ ಉದ್ಯಮದಲ್ಲಿ ಎಂಜಿನಿಯರ್ ಆಗಿರುವ, ಇನ್ನೂ ಮದುವೆಯಾಗದ ನಮ್ಮ ತಮ್ಮ ಮುಂಬಯಿಯಿಂದ ಸೆಕೆಂಡ್ ಹ್ಯಾಂಡ್ ತಂದ ಪೋರ್ಷೆ 718 ಕೇಮನ್ ಅದು. ಎರಡು ಬಾಗಿಲು, ಎರಡೇ ಆಸನ, ಆಸನಗಳ ಬೆನ್ನಿಗೇ ಎಂಜಿನ್, 300 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100ರ ವೇಗ ಮುಟ್ಟಲು ಅದಕ್ಕೆ ಸುಮಾರು 5 ಸೆಕೆಂಡು ಸಾಕು. ಕಂಪನಿ ಅವನನ್ನು ಒಂದು ವರ್ಷದ ಮಟ್ಟಿಗೆ ಜರ್ಮನಿಗೆ ಕಳುಹಿಸಿದಾಗ ಕೀಲಿಯನ್ನು ನಮ್ಮ ಕೈಗಿಟ್ಟು, ನಿಲ್ಲಿಸಿ ಇಡಬೇಡಿರಿ, ದಿನಾ ಓಡಿಸಿರಿ ಎಂದು ಹೇಳಿಹೋದ. ಇಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಒಂದೇ ಆವರಣದ ಎರಡು ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ನಮ್ಮ ಕೆಲಸ, ಇಬ್ಬರೂ ಆ ಕಾರನ್ನು ಓಡಿಸಿದ್ದೇವೆ; ಆದ್ದರಿಂದ ಮುಂದೆ ಬರುವ ತಪ್ಪೊಪ್ಪಿಗೆಯೂ ಇಬ್ಬರದು. ಸರ್ಕಾರಿ ನೌಕರರು ಇಂಥ ಕಾರಿನಿಂದ ಇಳಿದರೆ ನೋಡುವವರ ಹುಬ್ಬು ಏರದೆ ಇರುವುದಿಲ್ಲ. ಮೊದಲ ವಾರದಲ್ಲೇ ನಾವು 1964ರ ನಡತೆ ನಿಯಮಗಳನ್ನು ತೆಗೆದು ಓದಿದೆವು. ಹದಿಮೂರನೆಯ ನಿಯಮದ ಪ್ರಕಾರ ಉಚಿತ ಸಾರಿಗೆಯೂ ಉಡುಗೊರೆಯೇ. ಹತ್ತಿರದ ಸಂಬಂಧಿ ಒದಗಿಸಿದರೆ ಮಾತ್ರ ಅಲ್ಲ. ತಮ್ಮ ಹತ್ತಿರದ ಸಂಬಂಧಿಯೇ ಸರಿ. ಅಷ್ಟು ಖಚಿತವಾದ ಮೇಲೆ ನಿದ್ದೆ ಹತ್ತಿತು.

ಬಂಧುಬಳಗದವರೆಲ್ಲ ಹೇಳಿದ್ದು ಒಂದೇ ಮಾತು: ಹೊದಿಕೆ ಹಾಕಿ ನಿಲ್ಲಿಸಿಬಿಡಿ, ಪರರ ಒಡವೆ. ನಾವು ಹಾಗೆ ಮಾಡಲಿಲ್ಲ. ತಮ್ಮನ ಮಾತಿನಲ್ಲಿ ಹುರುಳಿತ್ತು. ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಬರಿದಾಗುತ್ತದೆ, ಟೈರುಗಳು ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗುತ್ತವೆ, ಬ್ರೇಕಿನ ಬಿಲ್ಲೆಗಳಿಗೆ ತುಕ್ಕು ಏರುತ್ತದೆ. ಅದಕ್ಕಿಂತ ಮಿಗಿಲಾಗಿ ನಮ್ಮದೊಂದು ಅಭಿಪ್ರಾಯವೂ ಇತ್ತು. ಆ ಅಭಿಪ್ರಾಯಕ್ಕೆ ಮುಂದೆ ಒದಗಿದ ಗತಿಯನ್ನು ಹೇಳುವುದಕ್ಕಾಗಿಯೇ ಈ ಬರಹ.

ವೇಗದ ಕಾರಿನಿಂದ ಕೇಡು ಆಗುವುದು ಅದನ್ನು ದಿನನಿತ್ಯ ಬಳಸುವವರಿಂದಲ್ಲ, ಭಾನುವಾರದ ರಾತ್ರಿ ಮಾತ್ರ ಹೊರತೆಗೆಯುವವರಿಂದ ಎಂದು ನಾವು ನಂಬಿದ್ದೆವು. ದಿನವೂ ತರಕಾರಿ ತರುವ ಕಾರಿನಲ್ಲಿ ಮೆರೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಅದರ ತೂಕ, ಅಗಲ, ಬ್ರೇಕಿನ ಹಿಡಿತ ಮೈಗೆ ಹತ್ತಿರುತ್ತದೆ. ವಾರವಿಡೀ ಬೀಗದೊಳಗಿದ್ದು ನಡುರಾತ್ರಿ ಹೊರಬರುವ ಕಾರು ಜಾತ್ರೆಯ ತೇರಿನಂತೆ. ಅದು ಹೊರಡುವುದೇ ನೋಡುವವರಿಗಾಗಿ.

ಈ ನಂಬಿಕೆಗೆ ಇತಿಹಾಸದ ಬೆಂಬಲವೂ ಇತ್ತು. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪೋರ್ಷೆ 911ರ ಹಿಂಬದಿಯಲ್ಲಿ ಮಕ್ಕಳು ಕೂರಬಹುದಾದ ಎರಡು ಪುಟ್ಟ ಆಸನಗಳಿದ್ದವು. ಪಂದ್ಯಕ್ಕೆ ಹೋಗಬಲ್ಲ ಕಾರು ಶಾಲೆಗೂ ಹೋಗಬಲ್ಲುದಾಗಿತ್ತು. 1990ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಹೋಂಡಾ ಎನ್‌ಎಸ್‌ಎಕ್ಸ್ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಅಲ್ಯೂಮಿನಿಯಂ ದೇಹ, ಸುತ್ತಲೂ ಕಣ್ಣಿಗೆ ಎಟುಕುವ ರಸ್ತೆ, ನಿತ್ಯದ ಕಾರಿನಷ್ಟು ಸುಲಭವಾದ ಚಾಲನೆ. ಅಲ್ಲಿಯವರೆಗೆ ಇಂಥ ಕಾರುಗಳೆಂದರೆ ಉರಿಬಿಸಿಲಿನಲ್ಲಿ ಕುದಿಯುವವು, ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ಮುರಿಯುವವು ಎಂದೇ ಲೆಕ್ಕ. ಒಟ್ಟು 106 ಮಾತ್ರ ತಯಾರಾದ ಮೆಕ್‌ಲಾರೆನ್ ಎಫ್1 ಕಾರುಗಳಲ್ಲಿ ಒಂದನ್ನು ಮಿಸ್ಟರ್ ಬೀನ್ ಪಾತ್ರದ ನಟ ರೋವನ್ ಅಟ್ಕಿನ್‌ಸನ್ 41,000 ಮೈಲಿ ಓಡಿಸಿದರು. 2011ರಲ್ಲಿ ಅದು ಕೈತಪ್ಪಿ ಮರಕ್ಕೆ ಬಡಿಯಿತು. ದುರಸ್ತಿಗೆ 9 ಲಕ್ಷ ಪೌಂಡಿನಷ್ಟು ತಗಲಿತು. ಅದನ್ನು ಸರಿಪಡಿಸಿಕೊಂಡು ಮತ್ತೆ ಓಡಿಸಿದರು. ಬೇರೆಯವರು ಹವಾನಿಯಂತ್ರಿತ ಕೋಣೆಯಲ್ಲಿಟ್ಟು ಕಾಯುವ ವಸ್ತುವನ್ನು ಮಳೆಗಾಲದ ಹಳ್ಳಿ ರಸ್ತೆಯಲ್ಲಿ ಓಡಿಸಿದ ಆ ಮನುಷ್ಯನ ಮೇಲೆ ನಮಗೆ ಗೌರವವಿತ್ತು, ಈಗಲೂ ಇದೆ. ಮರಕ್ಕೆ ಬಡಿದ ಸಂಗತಿಯನ್ನು ಮಾತ್ರ ಆಗ ನಾವು ಬೇಗ ದಾಟಿ ಮುಂದೆ ಹೋಗುತ್ತಿದ್ದೆವು.

ನಿತ್ಯಬಳಕೆ ಎಂದರೆ ಪುಣೆಯಲ್ಲಿ ಮೊದಲು ಬರುವುದು ಹಂಪು. ಭಾರತೀಯ ರಸ್ತೆ ಕಾಂಗ್ರೆಸ್ ಈ ಹಂಪಿಗೊಂದು ಅಳತೆ ಹೇಳಿದೆ: ವಾಹನ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ, ಗಂಟೆಗೆ 25ರ ವೇಗದಲ್ಲಿ ದಾಟಲು ತಕ್ಕಂತೆ ದುಂಡಗಿನ ಇಳಿಜಾರು. ಕೇಮನ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಎರಡೂವರೆ ಮೀಟರಿನಷ್ಟು. ಅಂದರೆ ಪುಸ್ತಕದಲ್ಲಿರುವ ಹಂಪಿನ ಮೇಲೆ ಇಡೀ ಕಾರು ದೋಣಿಯಂತೆ ಮೆಲ್ಲಗೆ ಏರಿ ಇಳಿಯುತ್ತದೆ, ಹೊಟ್ಟೆಗೆ ಏನೂ ತಗಲುವುದಿಲ್ಲ. ನೆಲದ ಮೇಲಿರುವ ಹಂಪು ಬೇರೆ. ಸೊಸೈಟಿಯವರು ಒಂದು ರಾತ್ರಿ ಸಿಮೆಂಟು ಸುರಿದು ಎಬ್ಬಿಸಿದ್ದು, ಒಂದು ಮೊಳ ಅಗಲ, ಎತ್ತರಕ್ಕೆ ಯಾರ ಅಪ್ಪಣೆಯೂ ಇಲ್ಲ. ಅದು ಕಾರಿನ ಮುಂದಿನ ತುಟಿಗೆ ತಾಗುತ್ತದೆ. ತುಟಿ ತಪ್ಪಿದರೆ ಹೊಟ್ಟೆಗೆ. ಹೀಗಾಗಿ ಪ್ರತಿ ಹಂಪನ್ನೂ ಓರೆಯಾಗಿ, ಒಂದೊಂದೇ ಚಕ್ರ ಏರಿಸುತ್ತ ದಾಟುವ ಕಲೆ ನಮಗೆ ಒಲಿಯಿತು. ಹಿಂದಿನ ಬೈಕುಗಳ ಹಾರನ್ನಿಗೆ ಕಿವುಡಾಗುವ ಕಲೆಯೂ. ನಮ್ಮ ಕಟ್ಟಡದ ನೆಲಮಾಳಿಗೆಯ ಇಳಿಜಾರಿನ ಬುಡದಲ್ಲಿ ಕಾವಲುಗಾರ ಎರಡು ಹಲಗೆಗಳನ್ನು ಇಟ್ಟು, ನಾವು ಬರುವ ಹೊತ್ತಿಗೆ ಜೋಡಿಸಿ, ಹೋದ ಮೇಲೆ ತೆಗೆಯುತ್ತಿದ್ದ. ದೀಪಾವಳಿಯ ಭಕ್ಷೀಸು ಆ ವರ್ಷ ಇಮ್ಮಡಿಯಾಯಿತು.

ಧಾರವಾಡದಿಂದ ಬಂದ ಅವ್ವನನ್ನು ಕಣ್ಣಿನ ಡಾಕ್ಟರ ಬಳಿ ಒಯ್ಯಬೇಕಾಯಿತು. ಎಪ್ಪತ್ತೊಂದರ ಮೊಣಕಾಲು. ಕಾರಿನೊಳಗೆ ಇಳಿಸುವುದಕ್ಕೆ ಇಬ್ಬರು ಬೇಕಾದರು, ಎತ್ತುವುದಕ್ಕೆ ಮೂವರು. “ಇಷ್ಟ್ ರೊಕ್ಕಾ ಕೊಟ್ಟು ನೆಲದ ಮ್ಯಾಲೆ ಕೂಡೂದೇನೋ? ಬಾವ್ಯಾಗ ಕುಂತಂಗ ಆಗತೈತಿ. ನನಗ ರಿಕ್ಷಾ ತರಸ್ರಿ” ಎಂದರು ಅವ್ವ. ಹಿಂದಿರುಗುವಾಗ ರಿಕ್ಷಾದಲ್ಲೇ ಬಂದರು, ಮತ್ತು ನಮಗಿಂತ ಮೊದಲೇ ಮನೆ ಮುಟ್ಟಿದರು.

ಪೆಟ್ರೋಲಿನ ಕಥೆ ಚಿಕ್ಕದು, ಕಹಿ. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲು ಆಗ 91 ಆಕ್ಟೇನಿನದಾಗಿತ್ತು. ಈ ಎಂಜಿನ್ನಿಗೆ ಕಡಿಮೆಯೆಂದರೂ 95 ಬೇಕು. 100 ಆಕ್ಟೇನಿನ ಪೆಟ್ರೋಲು 2020ರ ಡಿಸೆಂಬರಿನಿಂದ ಪುಣೆಯಲ್ಲಿ ಸಿಗುತ್ತದೆ, ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ತಮ್ಮ ತಿಂಗಳಿಗಿಷ್ಟೆಂದು ಹಣ ಕಳುಹಿಸುತ್ತಿದ್ದ. ಸಾಲುತ್ತಿರಲಿಲ್ಲ, ನಾವು ಹೇಳಲೂ ಇಲ್ಲ.

ಸುಖವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಸ್ಟೇರಿಂಗಿನ ಮೂಲಕ ಡಾಂಬರಿನ ಒಂದೊಂದು ಹರಳೂ ಅಂಗೈಗೆ ವರದಿ ಒಪ್ಪಿಸುತ್ತಿತ್ತು. ಸಂಜೆ ಆರರ ಗದ್ದಲದಲ್ಲಿ ಗಂಟೆಗೆ 20ರಲ್ಲಿ ಹೋಗುವಾಗಲೂ ತಿರುವಿನಲ್ಲಿ ಅದು ನಾವು ಮನಸ್ಸಿನಲ್ಲಿ ನೆನೆದ ಗೆರೆಯ ಮೇಲೆಯೇ ಹೋಗುತ್ತಿತ್ತು. ಒಳ್ಳೆಯ ಸಾಧನವೊಂದು ಕೈಯಲ್ಲಿರುವ ಸುಖ ಅದು. ಬಡಗಿಗೆ ಹದವಾದ ಉಳಿಯಿಂದ ಸಿಗುವಂಥದು. ಎರಡೇ ಆಸನವಾದ್ದರಿಂದ ಇಪ್ಪತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ದಿನಕ್ಕೆ ನೂರು ನಿಮಿಷ ನಾವಿಬ್ಬರೇ ಕೂತು ಮಾತಾಡಿದೆವು. ಇದನ್ನು ವಾಹನ ವಿಮರ್ಶಕರು ಎಲ್ಲೂ ಬರೆದದ್ದು ಕಾಣೆವು.

ಮೂರು ತಿಂಗಳು ಹೀಗೆ ಕಳೆದವು. 2024ರ ಮೇ 19ರ ನಸುಕಿನಲ್ಲಿ, ನಗರದ ಇನ್ನೊಂದು ತುದಿಯ ಕಲ್ಯಾಣಿನಗರದಲ್ಲಿ, ಇದೇ ತಯಾರಕರ ಇನ್ನೊಂದು ಮಾದರಿಯ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಓಡಿಸುತ್ತಿದ್ದನೆಂದು ಪೊಲೀಸರು ಹೇಳಿದ ಹುಡುಗನಿಗೆ 17 ವರ್ಷ. ಕಾರಿನ ನೋಂದಣಿಯೂ ಪೂರ್ತಿಯಾಗಿರಲಿಲ್ಲ. ಅಂದೇ ದೊರೆತ ಜಾಮೀನಿನ ಷರತ್ತುಗಳಲ್ಲಿ ರಸ್ತೆ ಅಪಘಾತದ ಕುರಿತು 300 ಪದಗಳ ಪ್ರಬಂಧ ಬರೆಯುವುದೂ ಒಂದಾಗಿತ್ತು. ದೇಶವೇ ಸಿಟ್ಟಿಗೆದ್ದಿತು, ಪ್ರಕರಣ ನ್ಯಾಯಾಲಯದಲ್ಲಿದೆ. ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಓದಿದ ತಪ್ಪಿಗೆ ನಮಗೆ ನೆನಪಾದದ್ದು ಕೆನೆತ್ ಗ್ರಹಾಮನ 1908ರ ಮಕ್ಕಳ ಕಾದಂಬರಿ ‘ದಿ ವಿಂಡ್ ಇನ್ ದಿ ವಿಲೋಸ್’. ಅದರ ಶ್ರೀಮಂತ ಕಪ್ಪೆರಾಯನಿಗೆ ಕಾರಿನ ಹುಚ್ಚು. ನ್ಯಾಯಾಲಯ ಅವನಿಗೆ ಕಾರು ಕದ್ದದ್ದಕ್ಕೆ 12 ತಿಂಗಳು, ಹುಚ್ಚು ವೇಗಕ್ಕೆ 3 ವರ್ಷ, ಪೊಲೀಸರಿಗೆ ಉದ್ಧಟತನ ತೋರಿದ್ದಕ್ಕೆ 15 ವರ್ಷ ಹಾಕಿ, ಒಟ್ಟು 19 ಎಂಬುದು ಸರಿಕಾಣದೆಂದು 20 ಮಾಡುತ್ತದೆ. ತರಗತಿಯಲ್ಲಿ ನಾವೆಲ್ಲ ನಕ್ಕಿದ್ದೆವು. ಪೊಲೀಸರ ಮಾನಕ್ಕೆ 15, ದಾರಿಹೋಕರ ಜೀವಕ್ಕೆ 3. ಆ ತಕ್ಕಡಿ ಎಷ್ಟು ನಿಜವೆಂದು ಅರಿವಾಗಲು ಇಷ್ಟು ವರ್ಷ ಬೇಕಾಯಿತು.

ಆ ವಾರ ಕರ್ವೆ ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರಿನ ಮೇಲಿದ್ದ ಹೆಂಗಸೊಬ್ಬರು ನಮ್ಮ ಕಾರಿನ ಮೂತಿಯ ಮೇಲಿನ ಗುರುತನ್ನು ನೋಡಿ ಹಿಂದೆ ಕೂತ ಮಗಳಿಗೆ “ಹೀಚ್ ಗಾಡೀ ನಾ?” ಎಂದರು. ಇದೇ ಗಾಡಿಯಲ್ಲವೇ ಎಂದು. ಅಲ್ಲ ಎಂದು ನಾವು ಯಾವ ಬಾಯಿಂದ ಹೇಳಬೇಕಿತ್ತು? ಮನೆಯಲ್ಲಿ ನಮ್ಮ ಮಗನಿಗೆ ಆಗ 16. ಅಂದಿನಿಂದ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ರಾತ್ರಿ ಬಚ್ಚಿಡತೊಡಗಿದೆವು. ಅವನಿಗೆ ಏನೂ ಹೇಳಲಿಲ್ಲ. ಅವನೂ ಏನೂ ಕೇಳಲಿಲ್ಲ.

ಆದರೂ ನಮ್ಮ ಅಭಿಪ್ರಾಯ ಅಲುಗಲಿಲ್ಲ. ಇನ್ನಷ್ಟು ಗಟ್ಟಿಯಾಯಿತೆಂದೇ ಹೇಳಬೇಕು. ನೋಡಿದಿರಾ, ನಡುರಾತ್ರಿಯ ಕಾರು, ಮೆರೆಯುವ ಕಾರು ಎಂದು ಬಂದವರ ಮುಂದೆಲ್ಲ ವಾದಿಸಿದೆವು. ನಾವು ದಿನವೂ ಓಡಿಸುತ್ತೇವೆ, ಒಂದು ದಿನವೂ ಮಿತಿ ಮೀರಿಲ್ಲ ಎಂದೆವು. ಎರಡನೆಯದು ಆ ಹೊತ್ತಿಗೆ ನಿಜವೂ ಆಗಿತ್ತು.

ನವೆಂಬರಿನಲ್ಲಿ ದೀಪಾವಳಿ ಪಾಡ್ಯದ ಬೆಳಿಗ್ಗೆ ಆರಕ್ಕೆ ಹೂ ತರಲು ಹೊರಟೆವು. ಮಗ ಪಕ್ಕದ ಆಸನದಲ್ಲಿದ್ದ. ಸ್ಟೇರಿಂಗ್ ಹಿಡಿದವರು ನಮ್ಮಿಬ್ಬರಲ್ಲಿ ಯಾರೆಂಬುದು ಮುಖ್ಯವಲ್ಲ. ಮನೆಯಲ್ಲಿ ಉಳಿದವರು ಹೋಗಿದ್ದರೂ ಹಾಗೆಯೇ ಆಗುತ್ತಿತ್ತೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಪೌಡ್ ರಸ್ತೆ ಖಾಲಿ. ಒಂಬತ್ತು ತಿಂಗಳಲ್ಲಿ ಅದು ಹಾಗೆ ಖಾಲಿಯಾಗಿ ಕಂಡದ್ದು ಅದೇ ಮೊದಲು. ಬಲಗಾಲು ತಾನಾಗಿಯೇ ಕೆಳಗಿಳಿಯಿತು. ಬೆನ್ನಿಗೆ ಆಸನ ಒತ್ತಿತು, ಹಿಂದಿನಿಂದ ಎಂಜಿನ್ ಬೇರೆಯೇ ದನಿ ತೆಗೆಯಿತು, ನಾಲ್ಕು ಎಣಿಸುವಷ್ಟರಲ್ಲಿ ರಸ್ತೆ ಸಣ್ಣದಾಯಿತು. ವಿಭಜಕದ ಗಿಡಗಳ ಸಂದಿನಿಂದ ಪಾಲಿಕೆಯ ಪೌರಕಾರ್ಮಿಕ ಮಹಿಳೆಯೊಬ್ಬರು ಕಸದ ಕೈಗಾಡಿ ತಳ್ಳಿಕೊಂಡು ರಸ್ತೆಗಿಳಿದರು.

ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಕಂಡದ್ದು ಕಾಲಿಗೆ ತಲಪುವಷ್ಟರಲ್ಲಿ ಅಷ್ಟು ದೂರ ಹೋಗಿರುತ್ತದೆ. 50ಕ್ಕೆ ಹೋಲಿಸಿದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಈ ಲೆಕ್ಕವೆಲ್ಲ ಆಮೇಲಿನದು. ಕಾರು ನಿಂತಿತು. ಒಳ್ಳೆಯ ಬ್ರೇಕು, ಒಣ ರಸ್ತೆ, ಹೊಸ ಟೈರು. ಮಳೆ ಬಂದಿದ್ದರೆ ನಿಲ್ಲುತ್ತಿರಲಿಲ್ಲ. ನಮಗೂ ಆ ತಾಯಿಗೂ ನಡುವೆ ಎರಡು ಮಾರು ಅಂತರವಿತ್ತು. ಅವರು ಬೈಯಲಿಲ್ಲ. ತಪ್ಪು ತಮ್ಮದೇ ಎಂಬಂತೆ ಗಾಡಿಯನ್ನು ಅವಸರವಾಗಿ ಬದಿಗೆ ಸರಿಸಿಕೊಂಡು, ನಮಗೆ ದಾರಿ ಬಿಟ್ಟು ನಿಂತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆ ಮುಟ್ಟುವವರೆಗೂ ಮಗ ಮಾತಾಡಲಿಲ್ಲ. ಮೆಟ್ಟಿಲು ಹತ್ತುವಾಗ ಹೇಳಿದ್ದು ಇಷ್ಟೇ: “ನೂರಾ ನಾಲ್ಕು.”

ಆ ದಿನದಿಂದ ನಮ್ಮ ಮೊದಲಿನ ವಾದವನ್ನು ನಾವು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ನಮ್ಮ ಸಂಯಮವೆಂದು ಹೊಗಳಿಕೊಂಡದ್ದು ನಮ್ಮದಾಗಿರಲಿಲ್ಲ. ಪುಣೆಯ ಬಸ್ಸು, ಬೈಕು, ಎಮ್ಮೆ, ಮೆಟ್ರೋ ಕಾಮಗಾರಿಗಳ ಸಂಯಮವಾಗಿತ್ತು. ಅವು ದಾರಿ ಬಿಟ್ಟ ಮೊದಲ ಮುಂಜಾನೆಯೇ ನಾವು ಭಾನುವಾರದ ರಾತ್ರಿಯವರಾದೆವು. ನಿತ್ಯಬಳಕೆ ಕೈಗೆ ಪಳಗಿಕೆ ಕೊಡುತ್ತದೆ ಎಂಬುದು ದಿಟ; ಕಾರು ನಿಂತದ್ದರಲ್ಲಿ ಅದರ ಪಾಲೂ ಇತ್ತು. ಆದರೆ ಅದೇ ಪಳಗಿಕೆ ಸಲುಗೆಯನ್ನೂ ಕೊಟ್ಟಿತ್ತು. ಮೊದಲ ವಾರದ ಅಂಜಿಕೆ ಇದ್ದಿದ್ದರೆ ಕಾಲು ಇಳಿಯುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಚಾಲನಾ ಪರವಾನಗಿಯನ್ನು ತೆಗೆದು ನೋಡಿರಿ. ಹಗುರ ಮೋಟಾರು ವಾಹನ ಎಂದಿದೆ. ಮೈದಾನದಲ್ಲಿ ಎಂಟರ ಆಕಾರ ಬರೆದು, ಹಿಂದಕ್ಕೊಮ್ಮೆ ತೆಗೆದು ಪಡೆದ ಆ ಒಂದು ಚೀಟಿಯೇ 800 ಸಿ.ಸಿ.ಯ ಮಾರುತಿಗೂ 300 ಅಶ್ವಶಕ್ತಿಯ ಕೇಮನ್‌ಗೂ 7,500 ಕಿಲೋ ತೂಗುವ ವಾಹನಕ್ಕೂ ಸಾಕು. ಹದಿನೆಂಟು ತುಂಬಿದ ಮರುದಿನ ಯಾವುದನ್ನಾದರೂ ಓಡಿಸಬಹುದು, ತಂದೆಯಲ್ಲಿ ಹಣವಿದ್ದರೆ. ಬೇರೆಡೆ ಹೀಗಿಲ್ಲ. ಇಟಲಿಯಲ್ಲಿ ಹೊಸ ಚಾಲಕರು ಓಡಿಸಬಹುದಾದ ಕಾರಿನ ಶಕ್ತಿಗೆ ಕಾನೂನೇ ಮಿತಿ ಹಾಕಿದೆ. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ 2019ರಲ್ಲಿ ಲ್ಯಾಂಬೊರ್ಗಿನಿಯೊಂದು ಬಡಿದು 15 ವರ್ಷದ ಹುಡುಗಿ ತೀರಿಕೊಂಡಳು. ಆ ರಾಜ್ಯ ಈಗ ಅತಿಶಕ್ತಿಯ ಕಾರುಗಳಿಗೆ ಪ್ರತ್ಯೇಕ ಪರವಾನಗಿ ವರ್ಗವನ್ನೇ ಮಾಡಿದೆ. 2024ರ ಡಿಸೆಂಬರ್ 1ರಿಂದ ಅದು ಕಡ್ಡಾಯ. ಟನ್ನಿಗೆ 276 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚು ಶಕ್ತಿಯಿರುವ ಕಾರುಗಳು ಅದರ ವ್ಯಾಪ್ತಿಗೆ ಬರುತ್ತವೆ. ಚಕ್ರ ಜಾರದಂತೆ ತಡೆಯುವ ಸಾಧನವನ್ನು ಇಂಥ ಕಾರಿನಲ್ಲಿ ಆರಿಸುವುದೂ ಅಲ್ಲಿ ಅಪರಾಧ. ನಮ್ಮ ಕೇಮನ್ ಟನ್ನಿಗೆ 165 ಕಿಲೋವಾಟ್ ಕೂಡ ದಾಟುವುದಿಲ್ಲ. ಅಲ್ಲಿಯ ಲೆಕ್ಕದಲ್ಲಿ ಅದು ಸಾಧು ಪ್ರಾಣಿ. ಆ ಮಿತಿಯನ್ನು ನಾವು ಇನ್ನೂ ಕೆಳಗಿಡಬೇಕೆಂಬುದು ನಮ್ಮ ಮತ. ಇಲ್ಲಿ ರಸ್ತೆ ಬರಿಯ ವಾಹನದ್ದಲ್ಲ. ಅದೇ ಕಾಲುದಾರಿ, ಅದೇ ಅಂಗಡಿ, ಅದೇ ಅಂಗಳ.

ಲಂಚ ಕೊಟ್ಟು ಆ ಚೀಟಿಯನ್ನೂ ಪಡೆಯುತ್ತಾರೆ ಎಂದು ನಮ್ಮ ಸಹೋದ್ಯೋಗಿಗಳು ನಗುತ್ತಾರೆ. ಸರ್ಕಾರದೊಳಗೆ ಕೂತಿರುವ ನಮಗೆ ಅದು ಹೊಸ ಸುದ್ದಿಯಲ್ಲ. ಆದರೂ ಇನ್ನೊಂದು ಚೀಟಿ ಬೇಕೆಂಬ ನಿಯಮವಿದ್ದರೆ, ಅದಿಲ್ಲದ ಕೈಗೆ ಕೀಲಿ ಕೊಟ್ಟ ಮಾಲೀಕರನ್ನು ಹಿಡಿದು ಕೇಳಲು ಇನ್ನೊಂದು ಆಧಾರವಾದರೂ ಸಿಗುತ್ತದೆ. ಹೆಚ್ಚೇನೂ ಬೇಡ, ಕಾರಿನೊಳಗೇ ವೇಗದ ಮಿತಿ ಕಟ್ಟಿಡುವ ಸೌಕರ್ಯ ಇಂಥ ಹಲವು ಕಾರುಗಳಲ್ಲಿದೆ. ನಗರದೊಳಗೆ ಅದನ್ನು ಕಡ್ಡಾಯ ಮಾಡಿದರೆ ಯಾರ ಸ್ವಾತಂತ್ರ್ಯ ಹೋಗುತ್ತದೆ? ಕೇಮನ್ ಎರಡನೆಯ ಗೇರು ಮುಗಿಸುವಷ್ಟರಲ್ಲೇ ಮುಂಬಯಿ–ಪುಣೆ ದ್ರುತಮಾರ್ಗದ 100ರ ಮಿತಿ ದಾಟಿರುತ್ತದೆ. ಉಳಿದ ಗೇರುಗಳ ಪೂರ್ಣ ಬಲ ಈ ದೇಶದ ಯಾವ ಸಾರ್ವಜನಿಕ ರಸ್ತೆಗೂ ಸಲ್ಲುವುದಿಲ್ಲ. ಪಂದ್ಯದ ಹಾದಿಗಳು ಚೆನ್ನೈ, ಕೊಯಮತ್ತೂರು, ದೆಹಲಿ ಕಡೆ ಇವೆ. ಆಸೆಯಿದ್ದವರು ಅಲ್ಲಿಗೆ ಹೋಗಬಹುದು.

ಕೊನೆಯ ಎರಡು ತಿಂಗಳೂ ನಾವು ಕಾರನ್ನು ನಿಲ್ಲಿಸಲಿಲ್ಲ. ದಿನವೂ ಓಡಿಸಿದೆವು. ಪಾಡ್ಯದ ನಂತರ ನಗರದಲ್ಲಿ ಹೊರಡುವ ಮೊದಲು 50ರ ಮಿತಿ ಕಟ್ಟುವುದು ಸೀಟು ಬೆಲ್ಟಿನಷ್ಟೇ ಸಹಜವಾಯಿತು. ಮಗ ಪಕ್ಕದಲ್ಲಿದ್ದರೆ ಆ ಗುಂಡಿಯನ್ನು ಅವನೇ ಒತ್ತುತ್ತಿದ್ದ. ಬೆಳಿಗ್ಗೆ ಬೇಗ ಹೊರಟ ದಿನ ಪೌಡ್ ರಸ್ತೆಯಲ್ಲಿ ಆ ಪೌರಕಾರ್ಮಿಕರು ಕಂಡಾರೆಂದು ಕಣ್ಣು ಹುಡುಕುತ್ತಿತ್ತು. ಕಂಡರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಕಾಣಲೂ ಇಲ್ಲ.

ಜನವರಿಯಲ್ಲಿ ತಮ್ಮ ಹಿಂದಿರುಗಿದ. ಮುಂದಿನ ತುಟಿಯ ಅಡಿಯ ಗೀರುಗಳನ್ನು ಬೆರಳಿನಿಂದ ಸವರಿ ನೋಡಿದ, ನಕ್ಕ, ಹಲಗೆಗಳ ಕಥೆ ಕೇಳಿ ಕಾವಲುಗಾರನಿಗೆ ಜರ್ಮನಿಯ ಚಾಕೊಲೇಟ್ ಕೊಟ್ಟ. ಊಟವಾಯಿತು. ಹೊರಡುವ ಹೊತ್ತಿಗೆ ಕೀಲಿ ಕೇಳಿದ. ಹಿಂದಿನ ರಾತ್ರಿ ಬಚ್ಚಿಟ್ಟವರು ಯಾರು, ಎಲ್ಲಿ ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ದೇವರ ಗೂಡು, ಕಪಾಟು, ಔಷಧಿಯ ಪೆಟ್ಟಿಗೆ ಎಲ್ಲ ತಡಕಾಡಿದೆವು. ಮಗ ಓದುತ್ತಿದ್ದ ಪುಸ್ತಕವನ್ನು ಬೋರಲು ಹಾಕಿ ಎದ್ದು ಅಡುಗೆಮನೆಗೆ ಹೋದ. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ, ಕೀಲಿಯನ್ನು ತೆಗೆದು, ಹಿಟ್ಟು ಝಾಡಿಸಿ, ಕಾಕಾನ ಅಂಗೈಗಿಟ್ಟ.